ನನ್ನ ಮೈಮೇಲೆ ಬರೆಯದ ಆಟ

ನಾನು ಒಂದು ಗೇಮ್ ಡಿಸ್ಕ್. ಬೆಳ್ಳಿ ಬಣ್ಣ, ನಡುವೆ ತೂತು, ಬೆನ್ನ ಮೇಲೆ ಕೆಂಪು ಪಟದ ಚಿತ್ರ. ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಒತ್ತಿ ನನ್ನನ್ನು ಮಾಡಿದರು. ಒತ್ತುವಾಗಲೇ ಆಟವನ್ನೂ ಮೈಯೊಳಗೆ ಇಳಿಸಿಬಿಟ್ಟರು. ಆಮೇಲೆ ನನ್ನಲ್ಲಿ ಒಂದಕ್ಷರ ಸೇರಿಸಲೂ ಬರುವುದಿಲ್ಲ, ಅಳಿಸಲೂ ಬರುವುದಿಲ್ಲ. ಅದೇ ನನ್ನ ಜಂಬ, ಅದೇ ನನ್ನ ಗೋಳು.

ನನ್ನದು ಪಟ ಹಾರಿಸುವ ಆಟ. ರಿಮೋಟಿನ ಎಡಗುಂಡಿ ಒತ್ತಿ ದಾರ ಬಿಡಬೇಕು, ಬಲಗುಂಡಿ ಒತ್ತಿ ಎಳೆಯಬೇಕು, ಎದುರಿನವರ ಪಟ ಕತ್ತರಿಸಬೇಕು. ಮೊದಲು ಬಂದದ್ದು ಹುಬ್ಬಳ್ಳಿಯ ಇಮ್ತಿಯಾಜನ ಗೇಮ್ ಅಂಗಡಿಗೆ. ಬಂದ ವಾರವೇ ನನ್ನ ಮಾನ ಹೋಯಿತು. ಆಟದೊಳಗೆ ಕೆಲವು ಪಟಗಳು ಮನೆಗಳ ಮೇಲಿನ ನೀರಿನ ಟ್ಯಾಂಕಿನೊಳಗೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಆಡುವವರು ನನಗೆ ಹಿಡಿಶಾಪ ಹಾಕಿದರು.

ತಿಂಗಳೊಳಗೆ ಆಟ ಮಾಡಿದ ಕಂಪನಿಯವರು ನೆಟ್ಟಿನಲ್ಲಿ ಪುಕ್ಕಟೆ ಅಪ್‌ಡೇಟ್ ಕಳಿಸಿದರು. ತಪ್ಪು ಸರಿಹೋಯಿತು, ಮೇಲೆ ಮೂರು ಹೊಸ ಊರುಗಳೂ ಬಂದವು. ಅಂಗಡಿಯಲ್ಲಿ ದೊಡ್ಡ ಜಗಳ.

"ಅರ್ಧ ಬೆಂದ ಅನ್ನ ನೀಡಿ, ಈಗ ಕುದಿಸಿ ಕೊಡ್ತೀವಿ ಅಂದ್ರ ಅದೇನು ಉಪಕಾರೇನಲೇ?" ಎಂದ ಒಬ್ಬ.

"ರೊಕ್ಕ ತಗೊಂಡ ಮ್ಯಾಲೆ ತಿರುಗಿ ನೋಡದವ್ರು ಎಷ್ಟ ಮಂದಿ ಅದಾರ. ಇವ್ರು ನೆನಪಿಟ್ಟು ಕಳಸ್ಯಾರ. ಸುಮ್ನ ಆಡು," ಎಂದ ಇನ್ನೊಬ್ಬ.

ನನಗೆ ಮಾತ್ರ ಹೊಟ್ಟೆ ಉರಿಯಿತು. ಅಪ್‌ಡೇಟ್ ಉಳಿಯುವುದು ಆಟ ಆಡಿಸುವ ಯಂತ್ರದ ಹೊಟ್ಟೆಯಲ್ಲಿ, ನನ್ನ ಮೈಮೇಲಲ್ಲ. ಗಿರಗಿರ ತಿರುಗಿ ಸುಸ್ತಾಗುವುದು ನಾನು, ಹೊಗಳಿಕೆ ಗಾಳಿಯಲ್ಲಿ ಬಂದದ್ದಕ್ಕೆ!

ಇಮ್ತಿಯಾಜ್ ಹೊಸ ಯಂತ್ರ ತಂದಾಗ ಹಳೆಯದನ್ನೂ ನನ್ನನ್ನೂ ಆಟೋ ಓಡಿಸುವ ಬಸವಂತನಿಗೆ ಕೊಟ್ಟ. ಬಸವಂತನ ಹೆಂಡತಿ ಕಸ್ತೂರಿ ಬ್ಲೌಸ್ ಹೊಲಿಯುವವಳು. ಅಬ್ಬಾ, ಏನು ಕೈಚಳಕ! ಭಾನುವಾರ ಊಟವಾದ ಮೇಲೆ ಇಬ್ಬರೂ ಕೂತರೆ ಹತ್ತರಲ್ಲಿ ಎಂಟು ಸಲ ಗಂಡನ ಪಟ ಕತ್ತರಿಸುತ್ತಿದ್ದಳು. "ದಾರಾನಾದ್ರೂ ಸುತ್ತಿಟ್ಕೊಳ್ರಿ, ಬಟನ್ ಹಚ್ಚಾಕ ಬರ್ತದ," ಎಂದು ಛೇಡಿಸುತ್ತಿದ್ದಳು.

ಬಸವಂತನಿಗೆ ಪುಕ್ಕಟೆ ಎಂಬ ಮಾತೇ ಆಗದು. ಹಿಂದೊಮ್ಮೆ ಯಾರೋ ಫೋನ್ ಮಾಡಿ, ಮೊಬೈಲಿಗೆ ಪುಕ್ಕಟೆ ಹಾಡು ಹಾಕುತ್ತೇವೆ, ಒಂದು ಒತ್ತಿ ಎಂದಿದ್ದರು. ಒತ್ತಿದ. ಆಮೇಲೆ ತಿಂಗಳು ತಿಂಗಳೂ ಕರೆನ್ಸಿ ಕಟ್ಟಾಯಿತು. ಅಂದಿನಿಂದ ಪರದೆಯ ಮೇಲೆ ಅಪ್‌ಡೇಟ್ ಎಂದು ಬಂದರೆ ಸಾಕು, ಕೆಳಗಿನ ಇಂಗ್ಲಿಷ್ ಸಾಲುಗಳ ಗೋಜಿಗೇ ಹೋಗದೆ ಬೇಡ ಎಂದು ಒತ್ತುತ್ತಿದ್ದ. ನನಗೆ ಖುಷಿಯೋ ಖುಷಿ.

ಒಂದು ಬೆಳಿಗ್ಗೆ ಕಸ್ತೂರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಏಳಲಿಲ್ಲ. ಹೊಲಿಗೆ ನಿಂತಿತು, ಮಾತೂ ಕಡಿಮೆಯಾಯಿತು. ಒಂದು ಭಾನುವಾರ ಬಸವಂತ ನನ್ನನ್ನು ಯಂತ್ರಕ್ಕೆ ಹಾಕಿ, ರಿಮೋಟನ್ನು ಅವಳ ತೊಡೆಯ ಮೇಲಿಟ್ಟ. ಅವಳ ಪಟ ಏರಿತು, ಏರುತ್ತಲೇ ಹೋಯಿತು. ಎಳೆಯಲು ಕೈಯಿಲ್ಲ. "ಇನ್ನ ಆಟಕ್ಕ ನನ್ನ ಕರೀಬ್ಯಾಡ್ರಿ," ಎಂದು ಗೋಡೆಯತ್ತ ಹೊರಳಿದಳು. ಅವಳು ತಿರುಗಿ ನೋಡಲಿ ಎಂದು ಬಸವಂತ ವಾರ ವಾರವೂ ಒಬ್ಬನೇ ಆಡಿದ. ಅವಳು ನೋಡಲಿಲ್ಲ.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಇಮ್ತಿಯಾಜ್ ಅವಳನ್ನು ಮಾತಾಡಿಸಲು ಬಂದ. ಪರದೆಯ ಮೇಲೆ ಮತ್ತೆ ಅಪ್‌ಡೇಟ್ ಎಂದು ಬಂದಿತ್ತು, ಬಸವಂತ ಎಂದಿನಂತೆ ಬೇಡ ಒತ್ತುವುದರಲ್ಲಿದ್ದ.

"ತಡಿ ಬಸವಂತಣ್ಣ, ಏನ್ ಬರದಾರ ಓದ್ತೀನಿ," ಎಂದ ಇಮ್ತಿಯಾಜ್. ಓದುತ್ತ ಓದುತ್ತ ಎದ್ದು ನಿಂತ. "ಒಂದ ಕೈಲೆ ಆಡೋರಿಗೆ ಬ್ಯಾರೆ ವ್ಯವಸ್ಥಾ ಮಾಡ್ಯಾರೋ! ಬಿಡೂದು, ಎಳಿಯೂದು ಎರಡೂ ಒಂದ ಗುಂಡಿಮ್ಯಾಲೆ. ಇದು ಬಂದು ಆರು ತಿಂಗಳಾಗ್ಯದ!"

ಬಸವಂತ ಹಣೆ ಬಡಿದುಕೊಂಡ. "ವಾರಾ ವಾರಾ ನಾನ ಬ್ಯಾಡ ಅಂದೆನಲ್ಲೋ." ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವನು ಬೇಡ ಎಂದಾಗಲೆಲ್ಲ ಒಳಗೊಳಗೇ ಕುಣಿದದ್ದು ನಾನಲ್ಲವೇ?

ಈ ಸಲ ಹೌದು ಎಂದು ಒತ್ತಿ ಅಪ್‌ಡೇಟ್ ಇಳಿಸಿದರು. ಆದರೆ ಕಸ್ತೂರಿ ಒಪ್ಪಲಿಲ್ಲ. ಕೊಡುವುದು, ತೆಗೆದುಕೊಳ್ಳುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ ಎಂದು ಬೆಳೆದವಳು. ಮಂದಿ ಬಂದರೆ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. "ಎಡಗೈಲೆ ಏನ್ ಆಡೂದ್ರಿ? ನೋಡಿದೋರು ನಗ್ತಾರ."

"ವೈನಿ, ಎಲ್ಲೋ ಯಾರೋ ಕುಂತು ನಿಮ್ಮಂಥೋರನ್ನ ನೆನಸ್ಕೊಂಡು ಇದನ್ನ ಮಾಡ್ಯಾರ. ಅವರು ನಕ್ಕಿಲ್ಲಲ್ರಿ," ಎಂದ ಇಮ್ತಿಯಾಜ್.

 ಕಸ್ತೂರಿಯ ಎಡಗೈ ಮೆಲ್ಲಗೆ ಸೆರಗಿನಿಂದ ಹೊರಬಂತು. ಅವಳ ಮೊದಲ ಮೂರು ಪಟ ಹೋದವು. ನಾಲ್ಕನೆಯ ಸಲ ಹೋದದ್ದು ಗಂಡನ ಪಟ. ಅವಳು ಅವನನ್ನು ದುರುಗುಟ್ಟಿ ನೋಡಿದಳು.

"ಬೇಕಂತ ಬಿಟ್ರೇನು?"

"ದೇವರಾಣಿ ಇಲ್ಲ!"

ನಿಜವಾಗಿಯೂ ಬಿಟ್ಟಿರಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಕಸ್ತೂರಿ ನಕ್ಕಳು, ನಗುತ್ತಲೇ ಅತ್ತಳು. ಅಂದು ಮೊದಲ ಸಲ ಆ ಅಪ್‌ಡೇಟಿಗೆ ಮನಸಾರೆ ಕೈಮುಗಿಯಬೇಕೆನಿಸಿತು. ಕೈ ಎಲ್ಲಿಂದ ತರಲಿ?

ವರ್ಷಗಳು ಉರುಳಿದವು. ನನ್ನ ಮೈಯೆಲ್ಲ ಗೀರು. ಆಟ ಮಾಡಿದ ಕಂಪನಿ ಬಾಗಿಲು ಹಾಕಿತು, ಅಪ್‌ಡೇಟ್ ಬರುವ ದಾರಿಯೂ ಮುಚ್ಚಿತು. ಕಳೆದ ತಿಂಗಳು ಯಂತ್ರವೂ ಕೆಟ್ಟು ಕೂತಿತು. ಬಸವಂತ ಊರೆಲ್ಲ ಸುತ್ತಿ ಅಂಥದೇ ಇನ್ನೊಂದನ್ನು ತಂದು ನನ್ನನ್ನು ಅದಕ್ಕೆ ಹಾಕಿದ. ನನ್ನ ಬಳಿ ಇದ್ದದ್ದು ಮೊದಲ ದಿನದ ಆಟ ಮಾತ್ರ, ಎರಡು ಕೈ ಕೇಳುವ ಆಟ. ಕಸ್ತೂರಿ ಗುಂಡಿ ಒತ್ತಿದಳು. ಪಟ ಏರಿತು, ಇಳಿಯಲಿಲ್ಲ. ಅವಳ ಮುಖ ಬಾಡಿತು. ಅಯ್ಯೋ, ಎರಡು ಹೋಳಾಗಿ ಹೋಗಬಾರದೇ ಅನ್ನಿಸಿತು ನನಗೆ.

ಬಸವಂತ ತನ್ನ ರಿಮೋಟ್ ಕೆಳಗಿಟ್ಟ. ಅವಳ ಮಗ್ಗುಲಿಗೆ ಸರಿದು, ಅವಳ ರಿಮೋಟಿನ ಬಲಗುಂಡಿಯ ಮೇಲೆ ತನ್ನ ಹೆಬ್ಬೆರಳಿಟ್ಟ.

"ನೀ ಬಿಡು, ನಾ ಎಳೀತೀನಿ."

"ಈಗ ಎಳೀರಿ. ಅಯ್ಯ, ಈಗ ಅಂದ್ರ ಈಗ!"

ಯಂತ್ರದ ಪಟಗಳೆದುರು ಇಬ್ಬರ ಆರು ಪಟ ಹೋದವು. ಕಸ್ತೂರಿ ಆರು ಸಲವೂ ಗಂಡನನ್ನು ಬೈದಳು, ಅವನು ಆರು ಸಲವೂ ಬೈಸಿಕೊಂಡ. ಆ ಅಪ್‌ಡೇಟ್ ಮಾಡಿದ್ದೂ ಇದನ್ನೇ, ಒಬ್ಬರ ಕೈ ಸಾಲದ ಕಡೆ ಇನ್ನೊಬ್ಬರು ಬಂದು ಸೇರುವುದನ್ನು. ಅದಕ್ಕೆ ನಾನು ಅಂದು ಹೊಟ್ಟೆಕಿಚ್ಚು ಪಟ್ಟೆನಲ್ಲ, ಥೂ ನನ್ನ!

"ಇನ್ನೊಂದು ಹಾರಸ್ರಿ," ಎಂದಳು ಕಸ್ತೂರಿ. ಗೀರುಬಿದ್ದ ಮೈಯಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ನಾನು ತಿರುಗಿದೆ.