ಅಡುಗೆಮನೆಯ ಹಲಗೆ

ಅಡುಗೆಮನೆಯ ಗೋಡೆಯಿಂದ ಒಂದು ಹಲಗೆಯನ್ನು ಕೀಳಬಹುದೇ ಕೂಡದೇ ಎಂಬ ಗಹನವಾದ ಪ್ರಶ್ನೆಯ ಮೇಲೆ ಆ ಮನೆಯಲ್ಲಿ ಮಾತುಕತೆ ನಡೆಯಿತು. ಎರಡು ದೇಶಗಳ ಗಡಿ ಕೂಡ ಅದಕ್ಕಿಂತ ಬೇಗ ಇತ್ಯರ್ಥವಾದೀತು.

ಹಲಗೆಯ ಮೇಲೆ ಉಪ್ಪು, ಸಕ್ಕರೆ, ಹಿಟ್ಟಿನ ಡಬ್ಬಗಳಿದ್ದವು. ಅದನ್ನು ಕೂರಿಸಿದವನು ಮನೆಯ ಯಜಮಾನ, ಸೆಂಟ್ರಿಂಗ್ ಮೇಸ್ತ್ರಿ. ಅಂದರೆ ಕಾಂಕ್ರೀಟ್ ಸುರಿಯುವ ಮೊದಲು ಅದಕ್ಕೆ ಮರದ ಅಚ್ಚು ಕಟ್ಟುವವನು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅಚ್ಚನ್ನು ಬಿಚ್ಚಿ ತೆಗೆಯುತ್ತಾರೆ. ಹಾಗಾಗಿ ಎಷ್ಟೋ ಕಟ್ಟಡಗಳು ಅವನ ಮರದೊಳಗೇ ಹುಟ್ಟಿದ್ದರೂ, ಇದು ನಾನು ಮಾಡಿದ್ದು ಎಂದು ಬೆರಳಿಟ್ಟು ತೋರಿಸಲು ಉಳಿದಿದ್ದು ಈ ಹಲಗೆ ಒಂದೇ. ಅದನ್ನೂ ಹೆಂಡತಿ, ಮಗಳ ಮದುವೆಯ ಕಾಲದಿಂದ ಕೇಳಿ ಕೇಳಿ, ಮೊಮ್ಮಗು ನಡೆಯಲು ಕಲಿತ ಮೇಲೆ ಪಡೆದಿದ್ದಳು.

ಈಗ ಅವನು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ, ಮೆಟ್ಟಿಲ ಬಳಿಯ ಕಾಂಕ್ರೀಟ್ ತೊಲೆಯ ಅಚ್ಚಿಗೆ ಒಂದು ಹಲಗೆ ಕಡಿಮೆ ಬಿದ್ದಿತ್ತು. ಹೊಸದು ತರಿಸಲು ಕಂಟ್ರಾಕ್ಟರ್ ಒಪ್ಪಲಿಲ್ಲ. "ಮುಂದಿನ ಕಟ್ಟಡಕ್ಕೆ ಅಚ್ಚಿಗೆ ಕಬ್ಬಿಣದ ಶೀಟು ಬರ್ತಿದೆ. ಇನ್ನು ಮರ ತಗೊಂಡು ಒಲೆಗೆ ಹಾಕ್ಲಾ?" ಎಂದ, ಮೇಸ್ತ್ರಿಯ ಮುಖ ನೋಡದೆ. ತನ್ನ ಕೊನೆಯ ಕೆಲಸದಲ್ಲಿ ಕಿಂಡಿ ಬಿಡಲು ಮೇಸ್ತ್ರಿಗೆ ಮನಸ್ಸಾಗಲಿಲ್ಲ. ಮನೆಯ ಹಲಗೆ ಅಳತೆಗೆ ಸರಿಯಾಗಿ ಕೂರುತ್ತಿತ್ತು.

"ಕೊಡ್ತೀನಿ," ಎಂದಳು ಹೆಂಡತಿ ಕೊನೆಗೆ, ಡಬ್ಬಗಳನ್ನು ನೆಲಕ್ಕಿಳಿಸುತ್ತಾ. "ಆದ್ರೆ ಹೋದ ಹಾಗೇ ವಾಪಸ್ ಬರ್ಬೇಕು. ನಿಮ್ಮ ಆ ಕರೀ ಆಯಿಲ್ ವಾಸನೆ ಚೂರು ಬಂದ್ರೂ ಮನೆಯೊಳಗೆ ಸೇರ್ಸಲ್ಲ. ಹಲಗೇನೂ ಅಷ್ಟೆ, ನಿಮ್ಮನ್ನೂ ಅಷ್ಟೆ."

"ನನ್ನನ್ನ ಇಷ್ಟು ವರ್ಷ ಸೇರ್ಸಿದೀಯಲ್ಲ?"

"ಮೂಗು ಮುಚ್ಕೊಂಡು."

ಅಚ್ಚಿನ ಒಳಮೈಗೆ ಗಾಡಿಯ ಹಳೇ ಆಯಿಲ್ ಬಳಿಯದಿದ್ದರೆ ಕಾಂಕ್ರೀಟ್ ಮರವನ್ನು ಕಚ್ಚಿಕೊಳ್ಳುತ್ತದೆ. ಕೆಲಸಕ್ಕೆ ಬಂದ ಮೊದಲ ದಿನವೇ ಕಲಿಯುವ ವಿದ್ಯೆ ಇದು. ಜೊತೆಗೆ ದುಡಿಯುವ ಭಾವಮೈದನಿಗೆ ಅದನ್ನು ಕಲಿಸಿದವನು ಮೇಸ್ತ್ರಿಯೇ, ಅದೂ ತಲೆಗೆ ಮೊಟಕಿ.

ಕಟ್ಟಡದಲ್ಲಿ ಭಾವಮೈದ ಆಯಿಲ್ ಡಬ್ಬ ಹಿಡಿದು ಆ ಹಲಗೆಯ ಮುಂದೆ ನಿಂತ. "ಭಾವ, ಇದಕ್ಕೆ ಹಚ್ಚಿಲ್ಲ."

"ಬೇಡ. ನಿಮ್ಮಕ್ಕ ಅದರ ಮೇಲೆ ಉಪ್ಪು ಇಡ್ತಾಳೆ."

"ಪ್ಲಾಸ್ಟಿಕ್ ಆದ್ರೂ ಹೊದಿಸೋಣ?"

"ತೊಲೆ ತುಂಬಾ ಸುಕ್ಕು ಬೀಳುತ್ತೆ. ಮುಖದ ಸುಕ್ಕು ನನಗೊಬ್ಬನಿಗೆ ಸಾಕು."

"ಕಚ್ಕೊಂಡ್ರೆ?"

"ನೀರು ಕುಡಿಸ್ತೀನಿ, ಕಚ್ಚಲ್ಲ. ನನಗೇ ಪಾಠ ಹೇಳ್ಬೇಡ."

ಬಕೆಟ್ಟುಗಟ್ಟಲೆ ನೀರು ಹೊಯ್ದ. ಆದರೆ ಒಲೆಯ ಶಾಖಕ್ಕೆ ವರ್ಷಗಟ್ಟಲೆ ಒಣಗಿದ್ದ ಹಲಗೆಗೆ ಅದು ಸಾಲಲಿಲ್ಲ. ಕಾಂಕ್ರೀಟಿನ ನೀರನ್ನೂ ಹೀರಿತು.

ಬಿಚ್ಚುವ ದಿನ ಉಳಿದ ಹಲಗೆಗಳು ಬಾಳೆಹಣ್ಣಿನ ಸಿಪ್ಪೆಯಂತೆ ಬಂದವು. ಅದೊಂದು ಬರಲಿಲ್ಲ. ಮೇಸ್ತ್ರಿ ಭಾವಮೈದನನ್ನು ಪಕ್ಕಕ್ಕೆ ಸರಿಸಿ, ತಾನೇ ಉಳಿಯ ತುದಿ ತೂರಿಸಿ, ಮಗುವಿನ ಕಾಲಿನ ಮುಳ್ಳು ತೆಗೆಯುವವನಂತೆ ಮೀಟಿದ.

"ಏನಯ್ಯಾ, ತೊಲೆಗೆ ಮುದ್ದು ಮಾಡ್ತಿದೀಯಾ?" ಎಂದು ಕೆಳಗಿನಿಂದ ಕಂಟ್ರಾಕ್ಟರ್ ಕೂಗಿದ. "ಹಾರೆ ಹಾಕು!"

ಹಾಕದೆ ಬೇರೆ ದಾರಿ ಇರಲಿಲ್ಲ. ಹಲಗೆ ಒಮ್ಮೆ ಕೆಮ್ಮಿ, ಉದ್ದಕ್ಕೂ ಸೀಳಿತು. ಅರ್ಧ ಕೈಗೆ ಬಂತು, ಅರ್ಧ ತೊಲೆಯಲ್ಲೇ ಉಳಿಯಿತು. ಭಾವಮೈದ ಉಳಿದ ಹಲಗೆಗಳನ್ನು ಜೋಡಿಸತೊಡಗಿದ. ಏನಾದರೂ ಅಂದಿದ್ದರೆ ಅವನನ್ನು ಬೈಯಲಾದರೂ ಆಗುತ್ತಿತ್ತು.

ಸಂಜೆ ಆ ಸೀಳನ್ನು ಬಾಗಿಲ ಹೊರಗೆ ಒರಗಿಸಿ ಮೇಸ್ತ್ರಿ ಒಳಗೆ ಬಂದ. ಹೆಂಡತಿ ಹೊರಗೆ ಹೋಗಿ, ಅದನ್ನೆತ್ತಿ ಮೂಸಿ ನೋಡಿದಳು.

"ಆಯಿಲ್ ಹಚ್ಚಿಲ್ಲ," ಎಂದಳು.

"ಇಲ್ಲ."

"ಹಚ್ಚಿದ್ರೆ ಏನಾಗ್ತಿತ್ತು ರೀ? ತೊಳ್ಕೋತಿದ್ದೆ."

ಇನ್ನೊಂದು ಮಾಡಿಕೊಡುತ್ತೇನೆ ಎನ್ನಲು ಅವನು ಬಾಯಿ ತೆರೆದ; ಉಳಿದ ಮರವೆಲ್ಲ ಮಧ್ಯಾಹ್ನವೇ ಸೌದೆಗೆ ಹೋಗಿದ್ದು ನೆನಪಾಗಿ ಮುಚ್ಚಿದ.

ಮುಂದಿನ ಕಟ್ಟಡಕ್ಕೆ ಕಬ್ಬಿಣದ ಶೀಟು ಬಂತು. ತೊಲೆಯಲ್ಲಿ ಉಳಿದಿದ್ದ ಮರವನ್ನು ಕೆತ್ತಿ ತೆಗೆದು ಗಾರೆ ಬಳಿದರು. ಉಪ್ಪು, ಸಕ್ಕರೆ, ಹಿಟ್ಟಿನ ಡಬ್ಬಗಳು ನೆಲದ ಮೇಲಿವೆ.