ಕೆಂಪು ಮೊಟ್ಟೆಯ ಮಾತು

ರುಮ್ಯಾನ ಊರಿಗೆ ಬಂದು ಎರಡು ದಿನವಾದರೂ ಎಲಿತ್ಸಾ ಅವಳನ್ನು ಒಮ್ಮೆಯೂ ಅಮ್ಮ ಅನ್ನಲಿಲ್ಲ. ಹೆಸರು ಹಿಡಿದೇ ಕರೆಯುತ್ತಿದ್ದಳು.

"ರುಮ್ಯಾನಾ, ಏಳು. ಅದು ಅಜ್ಜಿ ಕುರ್ಚಿ."

ರುಮ್ಯಾನ ಎದ್ದಳು. ಐದು ವರ್ಷದ ಮಗಳು ಹೇಳಿದ ಮೇಲೆ ಏಳದೆ ಇರಲಾದೀತೇ? ಆ ಕುರ್ಚಿ ಕೊಂಡದ್ದು ಅವಳ ಸಂಬಳದಲ್ಲಿ, ಆ ಅಡುಗೆಮನೆಗೆ ಹೊಸ ಕಿಟಕಿ ಹಾಕಿಸಿದ್ದೂ ಅವಳ ಸಂಬಳದಲ್ಲೇ. ಆದರೆ ಕೊಂಡವರು ಒಬ್ಬರು, ಕೂತವರು ಇನ್ನೊಬ್ಬರು. ಅವಳು ಹೋಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಆ ಮನೆಗೆ ನೆಂಟರು ಬಂದರೆ ಕೂರುವ ಜಾಗ ಅದು.

ಶಾಲೆಗಳಿಗೆ ವಸಂತದ ರಜೆ. ಈ ಸಲವೂ ಈಸ್ಟರ್ ಹಬ್ಬ ರಜೆಯೊಳಗೇ ಬಂದಿತ್ತು. ಇಟಲಿಯ ಬೊಲೊನ್ಯಾದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ರುಮ್ಯಾನಳದು. ಮುದುಕಿಯ ಮಗ ಹಿಂದುಮುಂದು ನೋಡಿ ಕೊಡುವ ರಜೆ ವರ್ಷಕ್ಕೆ ಒಂದೇ. ಅದನ್ನು ಅವಳು ಮಕ್ಕಳ ಈ ರಜೆಗೆ ಹೊಂದಿಸಿಕೊಂಡು ಬಲ್ಗೇರಿಯಾಕ್ಕೆ ಓಡಿ ಬರುತ್ತಾಳೆ. ಗಂಡ ಎನ್ನುವವನು ಎಲಿತ್ಸಾ ಹೊಟ್ಟೆಯಲ್ಲಿದ್ದಾಗಲೇ ಸ್ಪೇನಿಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಮಗೂ ಅದು ಬೇಡ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳಿಗೆ ಇದ್ದದ್ದು ಒಂದೇ ಆಸೆ. ರಜೆ ಮುಗಿಯುವುದರೊಳಗೆ ಚಿಕ್ಕವಳ ಬಾಯಲ್ಲಿ ಒಂದು ಸಲ ಅಮ್ಮ ಅನ್ನಿಸಿಕೊಳ್ಳಬೇಕು. ಹೆಚ್ಚೇನೂ ಅಲ್ಲ, ಒಂದೇ ಸಲ. ಬೊಲೊನ್ಯಾದ ಮುದುಕಿಗೆ ಅರಳುಮರಳು. ಸ್ನಾನ ಮಾಡಿಸುವಾಗ, ಸೂಪು ಕುಡಿಸುವಾಗ ರುಮ್ಯಾನಳ ತೋಳು ಹಿಡಿದುಕೊಂಡು "ಅಮ್ಮಾ, ಅಮ್ಮಾ" ಅನ್ನುತ್ತಾಳೆ. ತೊಂಬತ್ತರ ಮುದುಕಿಗೆ ಅಮ್ಮ, ಐದರ ಕೂಸಿಗೆ ರುಮ್ಯಾನ. ಹಣೆಬರಹ ಬರೆಯುವವನಿಗೂ ಒಮ್ಮೊಮ್ಮೆ ಕುಚೋದ್ಯ ಹೆಚ್ಚು.

ದೊಡ್ಡವಳು ಬಿಲ್ಯಾನಳಿಗೆ ಒಂಬತ್ತು. ಅವಳಿಗೆ ಅಮ್ಮನ ನೆನಪಿತ್ತು, ಅಮ್ಮ ತಂದ ಬಿಳಿ ಶೂ ಮೇಲೆ ಪ್ರೀತಿಯೂ ಇತ್ತು. ಬಂದ ದಿನ ಕುತ್ತಿಗೆಗೆ ಜೋತು ಬಿದ್ದು ಮುದ್ದಿಸಿದಳು. ಮಾರನೆಯ ಬೆಳಿಗ್ಗೆ ಹೊಸ ಶೂ ಹಾಕಿಕೊಂಡು ಸೈಕಲ್ ಹತ್ತಿ ಗೆಳತಿಯ ಮನೆಗೆ ಹೊರಟವಳು ಊಟದ ಹೊತ್ತಿಗಷ್ಟೇ ಕಾಣಿಸಿದಳು. ರಜೆ ಎಂದ ಮೇಲೆ ಮಕ್ಕಳು ಇನ್ನೇನು ಮಾಡುತ್ತಾರೆ?

ಉಳಿದವಳು ಎಲಿತ್ಸಾ. ರುಮ್ಯಾನ ತಲೆ ಬಾಚಲು ಹೋದರೆ ಬಾಚಣಿಗೆ ಕಿತ್ತುಕೊಂಡು ಅಜ್ಜಿಯ ಹತ್ತಿರ ಓಡಿದಳು. ಹಾಲು, ಮೊಟ್ಟೆ, ಮೈದಾ ಕಲಸಿ ತೆಳು ದೋಸೆಯಂಥ ಪಲಾಚಿಂಕಿ ಹುಯ್ದು ಜಾಮು ಸವರಿ ಕೊಟ್ಟರೆ, ಒಂದು ತುಂಡು ತಿಂದು ತಟ್ಟೆ ಸರಿಸಿದಳು.

"ಅಜ್ಜಿ ಮಾಡೋದು ಇದಕ್ಕಿಂತ ತೆಳ್ಳಗಿರುತ್ತೆ."

"ನಾನು ಚಿಕ್ಕೋಳಿದ್ದಾಗ ನನಗೆ ಕಲಿಸಿದ್ದೇ ಅಜ್ಜಿ ಕಣೇ."

"ನೀನು ಸರಿಯಾಗಿ ಕಲೀಲಿಲ್ಲ ಅನ್ಸುತ್ತೆ" ಎಂದಳು ಮಗಳು. ಹಾಗೆನ್ನುವಾಗ ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದರೆ ರುಮ್ಯಾನಳಿಗೆ ಅಷ್ಟು ನೋಯುತ್ತಿರಲಿಲ್ಲ.

ಸ್ತೋಯ್ಕಾ ಅಜ್ಜಿ ಒಲೆಯ ಮುಂದೆ ನಿಂತು ಎಲ್ಲ ನೋಡುತ್ತಿದ್ದಳು. ಚೂಪು ಬಾಯಿಯ ಹೆಂಗಸು, ಆದರೆ ಮಗಳ ಮುಖ ಸಣ್ಣದಾದದ್ದನ್ನು ಕಂಡು ದನಿ ತಗ್ಗಿಸಿದಳು.

"ಅವಸರ ಮಾಡ್ಬೇಡ ರುಮ್ಯಾನಾ. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ತಾನಾಗೇ ಬರ್ತಾಳೆ ನಿನ್ನ ಹತ್ರ."

"ಅಷ್ಟೊತ್ತಿಗೆ ನನ್ನ ಬಸ್ಸು ಬಂದಿರುತ್ತೆ, ಅಮ್ಮ."

ಸ್ತೋಯ್ಕಾ ಮೊಮ್ಮಗಳು ಸರಿಸಿದ ತಟ್ಟೆ ಎತ್ತಿಕೊಂಡು ಉಳಿದ ಪಲಾಚಿಂಕಿಯನ್ನು ತಾನೇ ತಿಂದಳು.

ಇಡೀ ಹಗಲು ಮಕ್ಕಳಿರುವ ಮನೆಯಲ್ಲಿ ಇಷ್ಟು ಒಂಟಿಯಾಗಿರಲು ಸಾಧ್ಯ ಎಂದು ರುಮ್ಯಾನ ತಿಳಿದಿರಲಿಲ್ಲ. ಎಲಿತ್ಸಾ ಗೊಂಬೆಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ ಪಾಠ ಹೇಳುತ್ತಿದ್ದರೆ ಅವಳು ಕಿಟಕಿಯಿಂದ ನೋಡುತ್ತಿದ್ದಳು. ಹತ್ತಿರ ಹೋದರೆ ಆಟ ನಿಲ್ಲುತ್ತಿತ್ತು. ಬಿದ್ದು ಮಂಡಿ ತರಚಿಕೊಂಡಾಗಲೂ ಮಗು ಎದುರಿಗಿದ್ದ ಅವಳನ್ನು ದಾಟಿ, ಹಿತ್ತಲಲ್ಲಿದ್ದ ಅಜ್ಜಿಯವರೆಗೂ ಅಳುವನ್ನು ಬಿಗಿಹಿಡಿದುಕೊಂಡು ಹೋಗಿ, ಅಲ್ಲಿ ಅತ್ತಿತು. ರುಮ್ಯಾನ ಮುಲಾಮಿನ ಟ್ಯೂಬು ಹಿಡಿದು ಅಂಗಳದಲ್ಲಿ ನಿಂತಿದ್ದಳು. ಬೊಲೊನ್ಯಾದಲ್ಲಿ, ಆ ಮುದುಕಿ ಮಲಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂರುವಾಗ, ನನ್ನ ಜನ ಅಲ್ಲಿದ್ದಾರೆ ಎಂದುಕೊಳ್ಳಬಹುದಿತ್ತು. ಇಲ್ಲಿ ಕೂತು ಯಾವ ಊರನ್ನು ನೆನೆಯುವುದು?

ದೊಡ್ಡ ಗುರುವಾರ ಬಂತು. ಈಸ್ಟರಿಗೆ ಮುಂಚಿನ ಗುರುವಾರ ಮನೆ ಮನೆಯಲ್ಲೂ ಮೊಟ್ಟೆಗೆ ಬಣ್ಣ ಹಾಕುತ್ತಾರೆ. ಮೊದಲನೆಯ ಮೊಟ್ಟೆ ಕೆಂಪು. ಬಿಸಿಯಾಗಿರುವಾಗಲೇ ಅದನ್ನು ಮಕ್ಕಳ ಕೆನ್ನೆಗೆ ಉಜ್ಜಿ, ವರ್ಷವಿಡೀ ಕೆನ್ನೆ ಕೆಂಪಗಿರಲಿ ಎಂದು ಹರಸುತ್ತಾರೆ. ಆಮೇಲೆ ದೇವಮಾತೆಯ ಪಟದ ಮುಂದೆ ಇಡುತ್ತಾರೆ. ಅದು ಮನೆ ಕಾಯುವ ಮೊಟ್ಟೆ, ಮುಂದಿನ ಈಸ್ಟರಿನವರೆಗೂ ಅದನ್ನು ಯಾರೂ ಒಡೆಯುವುದಿಲ್ಲ, ತಿನ್ನುವುದಿಲ್ಲ. ಹೊಸದು ಬಂದಾಗ ಹಳೆಯದನ್ನು ತೋಟದ ಮಣ್ಣಿಗೆ ಸೇರಿಸುತ್ತಾರೆ, ಬೆಳೆ ಚೆನ್ನಾಗಿ ಬರಲೆಂದು. ಈ ಒಂದು ಕೆಲಸವನ್ನಾದರೂ ತಾನೇ ಮಾಡಬೇಕು, ಮಕ್ಕಳು ಕಣ್ಣು ಬಿಡುವಾಗ ಮನೆಯಲ್ಲಿ ಹಬ್ಬ ಬಂದಿರಬೇಕು ಎಂದು ರುಮ್ಯಾನ ಎಲ್ಲರಿಗಿಂತ ಮೊದಲು ಎದ್ದಳು. ಮೊಟ್ಟೆ ಬೇಯಿಸಿದಳು, ಬಣ್ಣ ಕದಡಿದಳು, ಮೊದಲನೆಯದನ್ನು ಕೆಂಪಾಗಿಸಿ ಬಟ್ಟೆಗೆ ಎಣ್ಣೆ ಮುಟ್ಟಿಸಿ ಹೊಳೆಯುವ ಹಾಗೆ ಒರೆಸಿದಳು. ಪಟದ ಮುಂದಿದ್ದ ಹಳೆಯ ಮೊಟ್ಟೆ ತೆಗೆದಳು. ಅದು ಹೋದ ವರ್ಷ ಅವಳೇ ಬಣ್ಣ ಹಾಕಿಟ್ಟದ್ದು. ಈಗ ಹತ್ತಿಯಷ್ಟು ಹಗುರವಾಗಿತ್ತು, ಬಣ್ಣ ಅಲ್ಲಲ್ಲಿ ಸವೆದು ಬೆಳ್ಳಗಾಗಿತ್ತು. ಯಾಕೆ ಸವೆಯಿತು ಎಂದು ಯೋಚಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಹೂ ಬಿಟ್ಟ ಪ್ಲಮ್ ಮರದ ಬುಡದಲ್ಲಿ ಕುಳಿ ತೆಗೆದು ಅದನ್ನು ಹೂತು, ಕಾಲಿನಿಂದ ಮಣ್ಣನ್ನು ಗಟ್ಟಿಯಾಗಿ ತುಳಿದು ಬಂದಳು.

ಎಲಿತ್ಸಾ ಎದ್ದು ಬಂದಾಗ ರುಮ್ಯಾನ ಬಿಸಿ ಮೊಟ್ಟೆ ಹಿಡಿದು ಕಾದಿದ್ದಳು. ಮಗು ಕೆನ್ನೆ ಕೊಟ್ಟಿತು. ಈ ಸಲ ಮುಖ ತಿರುಗಿಸಲಿಲ್ಲ. ರುಮ್ಯಾನ ಮೊದಲು ಬಲಗೆನ್ನೆಗೆ, ಆಮೇಲೆ ಎಡಗೆನ್ನೆಗೆ ಮೆಲ್ಲಗೆ ಉಜ್ಜಿದಳು.

ಎಲಿತ್ಸಾ ಸ್ಟೂಲು ಎಳೆದುಕೊಂಡು ಹತ್ತಿ ಪಟದ ಮುಂದೆ ಕೈಯಾಡಿಸಿದಳು.

"ಅಮ್ಮ ಎಲ್ಲಿ?"

ರುಮ್ಯಾನ ಸ್ಟೂಲಿನ ಹತ್ತಿರಕ್ಕೆ ಓಡಿದಳು. ಇಷ್ಟು ದಿನ ಕಾದ ಮಾತು ಅದು.

"ಇಲ್ಲೇ ಇದೀನಲ್ಲ ಪುಟ್ಟಿ. ಇಲ್ಲಿ ನೋಡು."

ಮಗು ತಿರುಗಿ ನೋಡಿತು. "ನೀನಲ್ಲ" ಎಂದಿತು. "ಅಮ್ಮ. ಇಲ್ಲಿದ್ದ ಅಮ್ಮ."

ಬಾಗಿಲಲ್ಲಿ ನಿಂತಿದ್ದ ಬಿಲ್ಯಾನ ಒಮ್ಮೆ ತಾಯಿಯ ಮುಖ ನೋಡಿದಳು, ಒಮ್ಮೆ ನೆಲ ನೋಡಿದಳು.

"ಆ ಹಳೇ ಮೊಟ್ಟೇನ ಕೇಳ್ತಿದಾಳೆ, ಅಮ್ಮ. ಅವಳು ಅದನ್ನೇ ಅಮ್ಮ ಅನ್ನೋದು. ಒಳಗಡೆ ಒಣಗಿ ಲೊಡಲೊಡ ಅನ್ನುತ್ತಲ್ಲ? ಮಲಗೋಕೆ ಮುಂಚೆ ಕಿವಿ ಹತ್ರ ಅಲ್ಲಾಡಿಸ್ತಾಳೆ. ಅಮ್ಮ ಮಾತಾಡ್ತಿದಾಳೆ ಅಂತಾಳೆ. ನಾನು ನಗಬಾರದು ಅಂತ ಅಜ್ಜಿ ಹೇಳಿದಾಳೆ."

ರುಮ್ಯಾನ ಓಡಿದಳು. ಕೈಯಿಂದಲೇ ಮಣ್ಣು ಕೆದಕಿದಳು. ಅಷ್ಟು ಗಟ್ಟಿಯಾಗಿ ತುಳಿದಿದ್ದಳಲ್ಲ, ಮೊಟ್ಟೆ ಎಲ್ಲಿ ಉಳಿಯಬೇಕು? ಕೆಂಪು ಸಿಪ್ಪೆಯ ಚೂರುಗಳು ಸಿಕ್ಕವು. ಅವುಗಳ ನಡುವೆ ಒಳಗಿನದೆಲ್ಲ ಒಣಗಿ ಕಲ್ಲಾದ, ಜೋನಿಬೆಲ್ಲದ ಬಣ್ಣದ ಒಂದು ಗೋಲಿ ಇತ್ತು. ಎಲಿತ್ಸಾ ಬರಿಗಾಲಲ್ಲಿ ಹಿಂದೆಯೇ ಬಂದಿದ್ದಳು. ಗೋಲಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮುಷ್ಟಿ ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ. ರುಮ್ಯಾನ ಒಳಗೆ ಹೋಗಿ ಬೆಂಕಿಪೊಟ್ಟಣ ಖಾಲಿ ಮಾಡಿ ತಂದು ಗೋಲಿಯನ್ನು ಅದರಲ್ಲಿ ಹಾಕಿ ಆಡಿಸಿದಳು.

"ನೋಡು, ಮಾತಾಡುತ್ತೆ."

"ಅದು ಬೆಂಕಿಪೊಟ್ಟಣದ ಸದ್ದು" ಎಂದಿತು ಮಗು.

ಆಮೇಲೆ ಅತ್ತಿತು. ಈ ಸಲ ಅಜ್ಜಿಯ ಹತ್ತಿರವೂ ಓಡದೆ ಮರದ ಕೆಳಗೇ ಕೂತು ಒಂದೇ ಸಮನೆ ಅತ್ತಿತು. ತಾಯಿ ಎದುರಿಗೇ ಮಂಡಿಯೂರಿ ಕೂತಿರುವಾಗ ಮಗು ಅಮ್ಮ ಬೇಕು ಎಂದು ಅಳುವುದನ್ನು ಯಾವ ಹೆತ್ತವಳೂ ಕೇಳುವಂತಾಗಬಾರದು.

ಮಗು ಅತ್ತು ಸುಸ್ತಾಗಿ ಮಲಗಿದ ಮೇಲೆ ರುಮ್ಯಾನ ತಾಯಿಯ ಕಡೆ ತಿರುಗಿದಳು.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನಿನ್ನ ಮಗಳು ನಿನ್ನನ್ನ ಬಿಟ್ಟು ಮೊಟ್ಟೇನ ಅಮ್ಮ ಅಂತಾಳೆ ಅಂತ ಹೇಳ್ಲಾ? ಚಳಿಗಾಲದಲ್ಲಿ ದಿನಾ ಅಳ್ತಿತ್ತು ಮಗು. ಇದು ನಿಮ್ಮಮ್ಮ ಬಣ್ಣ ಹಾಕಿದ್ದು, ಅವಳ ಕೈ ಇದರ ಮೇಲಿದೆ ಅಂತ ಕೊಟ್ಟೆ. ಅಲ್ಲಾಡಿಸ್ತು, ಲೊಡಲೊಡ ಅಂತು, ಅಮ್ಮ ಮಾತಾಡಿದಳು ಅಂತ ನಕ್ತು. ನಕ್ಕ ಮಗೂನ ಅಲ್ಲ ಕಣೇ ಅಂತ ಮತ್ತೆ ಅಳಿಸ್ಲಾ? ಈ ವರ್ಷ ಅದನ್ನ ಹೂಳಲ್ಲ ಅಂತ ಮಾತು ಬೇರೆ ಕೊಟ್ಟಿದ್ದೆ. ನೀನು ಹೀಗೆ ಕೋಳಿ ಕೂಗೋಕೆ ಮುಂಚೆ ಎದ್ದು ಕೂರ್ತೀಯ ಅಂತ ನನಗೇನು ಗೊತ್ತು?"

"ನಾನು ದಿನಾ ಫೋನ್ ಮಾಡ್ತೀನಲ್ಲಮ್ಮ. ಮುಖ ನೋಡೋಕೂ ಬರೋದಿಲ್ಲ ಅವಳು."

"ಅದನ್ನೂ ಕೇಳಿದೀನಿ. ಫೋನಿನ ರುಮ್ಯಾನ ಮಾತಾಡಿ ಫೋನ್ ಇಟ್ಬಿಡ್ತಾಳೆ, ಈ ಮೊಟ್ಟೆ ಇಡಲ್ಲ ಅಂದಳು."

ಮುದುಕಿ ಸೆರಗಿಲ್ಲದ್ದಕ್ಕೆ ಏಪ್ರನ್ನಿನ ತುದಿಯಲ್ಲೇ ಮೂಗು ಒರೆಸಿಕೊಂಡು, "ಅಟ್ಟ ಮೇಲೆ ಒಲೆ ಉರೀತು ನಮಗೆ" ಎಂದು ಬೈದುಕೊಳ್ಳುತ್ತಾ ಸಿಹಿಬ್ರೆಡ್ಡಿಗೆ ಹಿಟ್ಟು ನಾದಲು ಕೂತಳು. ಯಾರನ್ನು ಬೈದಳೋ, ಇಬ್ಬರಿಗೂ ತಗಲಿತು.

ಸಂಜೆ ಎಲಿತ್ಸಾ ಸ್ಟೂಲು ಹತ್ತಿ ಹೊಸ ಮೊಟ್ಟೆಯನ್ನು ತೆಗೆದು ಅಲ್ಲಾಡಿಸಿದಳು. ಅದು ಗಪ್ಪಗಿತ್ತು.

"ಇದು ಮೂಗಿ" ಎಂದಳು.

ರುಮ್ಯಾನ ಹತ್ತಿರ ಹೋಗಲಿಲ್ಲ, ಸುಳ್ಳು ಹೇಳಲೂ ಇಲ್ಲ. "ಮೂಗಿಯಲ್ಲ, ಇನ್ನೂ ಹಸಿ" ಎಂದಳು. "ಒಣಗಬೇಕು. ಹಳೇದೂ ಹಾಗೇ ಇತ್ತು ಮೊದಲು."

"ಯಾವಾಗ ಒಣಗುತ್ತೆ?"

"ಬೇಸಿಗೆ ಕಳೀಬೇಕು. ದ್ರಾಕ್ಷಿ ಕೊಯ್ಲು ಆಗಬೇಕು. ಹಿಮ ಬೀಳೋ ಹೊತ್ತಿಗೆ ಮಾತು ಬರುತ್ತೆ."

"ಆಗ ನೀನು ಇರ್ತೀಯಾ?"

"ಇಲ್ಲ."

ಮಗು ತಲೆಯಾಡಿಸಿತು. ಇವಳು ಇರದಿದ್ದಾಗಲೇ ಮೊಟ್ಟೆ ಮಾತಾಡುವುದು ಎಂಬುದು ಅದಕ್ಕೆ ಸರಿಯಾಗಿಯೇ ತೋರಿತು. ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಾಗಕ್ಕೆ ಇಟ್ಟಿತು.

ಶನಿವಾರ ಉಳಿದ ಮೊಟ್ಟೆಗಳಿಗೆ ಬಣ್ಣ. ಬಿಲ್ಯಾನ ಹಸಿರು, ನೀಲಿ, ಮೇಣದ ಗೆರೆ ಎಂದು ಮೇಜಿನ ತುಂಬ ಹರಡಿಕೊಂಡಳು. ಎಲಿತ್ಸಾ ಒಂದೇ ಒಂದು ಮೊಟ್ಟೆ ಆರಿಸಿಕೊಂಡು ರುಮ್ಯಾನಳ ಪಕ್ಕಕ್ಕೆ ಬಂದು ನಿಂತಳು. ತೊಡೆ ಏರಲಿಲ್ಲ, ಮೈಗೆ ಒರಗಲೂ ಇಲ್ಲ. ಅವಳ ಮೊಣಕೈ ತಾಯಿಯ ಮೊಣಕೈಗೆ ತಾಕುತ್ತಿತ್ತು, ರುಮ್ಯಾನ ತೋಳು ಕದಲಿಸದೆ ಕೂತಳು. ಮಗು ಮೊಟ್ಟೆಯನ್ನು ಚಮಚದಲ್ಲಿ ಕೆಂಪು ಬಣ್ಣಕ್ಕೆ ಇಳಿಸಿ, ಎತ್ತಿ, ಮತ್ತೆ ಇಳಿಸಿ, ಒರೆಸಿ ತಾನೇ ಒಯ್ದು ಎಲ್ಲೋ ಇಟ್ಟುಕೊಂಡಿತು. ಭಾನುವಾರ ಎಲ್ಲರೂ ಮೊಟ್ಟೆಗೆ ಮೊಟ್ಟೆ ಕುಟ್ಟಿ, ಯಾರದು ಒಡೆಯದೆ ಉಳಿಯುತ್ತದೆ ಎಂದು ಪಂದ್ಯ ಕಟ್ಟಿದಾಗಲೂ ಅದು ಹೊರಗೆ ಬರಲಿಲ್ಲ.

"ಎಲ್ಲಿ ಬಚ್ಚಿಟ್ಟೆ, ಕಂಜೂಸಿ?" ಎಂದು ಬಿಲ್ಯಾನ ಕೆಣಕಿದಳು.

"ಅದು ಕುಟ್ಟೋ ಮೊಟ್ಟೆಯಲ್ಲ" ಎಂದಳು ಚಿಕ್ಕವಳು.

ಹಬ್ಬದ ಮಾರನೆಯ ದಿನ ಇಟಲಿಯ ಬಸ್ಸು ಊರ ಚೌಕಕ್ಕೆ ಬಂತು. ಬಿಲ್ಯಾನ ಅತ್ತಳು, ಅಜ್ಜಿ ಬ್ರೆಡ್ಡಿನ ಗಂಟು ಕೈಗಿಟ್ಟಳು. ರುಮ್ಯಾನಳ ಆಸೆ ಹಾಗೆಯೇ ಉಳಿದಿತ್ತು. ಬಾಯಿಬಿಟ್ಟು ಬೇಡುವುದಕ್ಕೆ ಮಾನ ಅಡ್ಡ ಬರುತ್ತಿತ್ತು. ಅವಳು ಮಂಡಿಯೂರಿ ಎಲಿತ್ಸಾಳ ಕೋಟಿನ ಗುಂಡಿ ಹಾಕಿದಳು. ಮಗು ಕೋಟಿನ ಜೇಬಿನಿಂದ ತನ್ನ ಉಣ್ಣೆಯ ಕಾಲುಚೀಲ ತೆಗೆಯಿತು. ಅದರೊಳಗೆ ಆ ಕೆಂಪು ಮೊಟ್ಟೆ ಇತ್ತು. ಅದನ್ನು ರುಮ್ಯಾನಳ ಬಲಗೆನ್ನೆಗೆ ಉಜ್ಜಿತು, ಎಡಗೆನ್ನೆಗೆ ಉಜ್ಜಿತು, ಮತ್ತೆ ಕಾಲುಚೀಲಕ್ಕೆ ಹಾಕಿ ಕೊಟ್ಟಿತು.

"ಇದು ನಾನು ಬಣ್ಣ ಹಾಕಿದ್ದು. ಇದನ್ನ ಹೂಳಬೇಡ."

"ಹೂಳಲ್ಲ."

"ಈಗ್ಲೇ ಅಲ್ಲಾಡಿಸ್ಲೂ ಬೇಡ, ಹಸಿ ಇದೆ. ಹಿಮ ಬಿದ್ದಾಗ ಅಲ್ಲಾಡಿಸು. ಆಗ ನಾನು ಮಾತಾಡ್ತೀನಿ."

"ಏನಂತ ಮಾತಾಡ್ತೀಯ?"

ಎಲಿತ್ಸಾ ಸ್ವಲ್ಪ ಯೋಚಿಸಿದಳು.

"ಅಮ್ಮ ಅಂತೀನಿ."

ಚಾಲಕ ಹಾರನ್ ಒತ್ತಿದ. ರುಮ್ಯಾನ ಏಳಲಿಲ್ಲ. ಮಾನ ಮೂರು ಕಾಸಿಗೆ ಹೋದರೂ ಹೋಗಲಿ ಎಂದು ಕೇಳಿಯೇಬಿಟ್ಟಳು.

"ಈಗ್ಲೇ ಒಂದ್ಸಲ ಅನ್ನಬಾರದಾ?"

"ಒಣಗಬೇಕು ಅಂತ ನೀನೇ ಹೇಳಿದ್ಯಲ್ಲ, ರುಮ್ಯಾನಾ" ಎಂದಿತು ಮಗು. ಹೇಳಿ ಅಜ್ಜಿಯ ಕೈ ಹಿಡಿದುಕೊಂಡಿತು.

ಬಸ್ಸು ಗಡಿ ದಾಟುವವರೆಗೂ ರುಮ್ಯಾನ ತಡೆದುಕೊಂಡಿದ್ದಳು. ಆಮೇಲೆ ಪಕ್ಕದವಳು ನಿದ್ದೆ ಹೋದದ್ದನ್ನು ನೋಡಿ ಕಾಲುಚೀಲದಿಂದ ಮೊಟ್ಟೆ ತೆಗೆದು ಕಿವಿಯ ಹತ್ತಿರ ಒಂದೇ ಸಲ, ತೀರಾ ಮೆಲ್ಲಗೆ ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ. ಬೇಡ ಅಂದದ್ದನ್ನು ಮಾಡಿದೆನಲ್ಲ ಎಂದು ನಾಚಿ ಅದನ್ನು ಮತ್ತೆ ಕಾಲುಚೀಲಕ್ಕೆ ಹಾಕಿ ಮಡಿಲಲ್ಲಿ ಇಟ್ಟುಕೊಂಡಳು. ಹೊರಗೆ ರಸ್ತೆಯ ಎರಡೂ ಕಡೆ ಮರಗಳು ಇನ್ನೂ ಹೂ ಬಿಡುತ್ತಿದ್ದವು. ಹಿಮ ಬೀಳುವುದಕ್ಕೆ ಬಹಳ ದಿನವಿತ್ತು.