ನಕ್ಷತ್ರದ ಮೈಮೇಲಿನ ಕಲೆ

ಹೇಮಲತಾ ಹನ್ನೊಂದು ವರ್ಷ ಒಂದೇ ಗ್ರಹದ ಹಿಂದೆ ಬಿದ್ದಿದ್ದಳು. ಎಷ್ಟೋ ಜ್ಯೋತಿರ್ವರ್ಷ ದೂರದ ಮಂಕು ಕೆಂಪು ನಕ್ಷತ್ರವೊಂದನ್ನು ಸುತ್ತುವ ಗ್ರಹ ಅದು. ನಕ್ಷತ್ರದ ಮುಂದೆ ಹಾದುಹೋಗುವಾಗ ಅದರ ಗಾಳಿಯೊಳಗಿಂದ ತೂರಿ ಬರುವ ಚೂರು ಬೆಳಕಿನಲ್ಲಿ ಆಕೆಗೆ ನೀರಾವಿಯ ಗುರುತು ಸಿಕ್ಕಿತು. ನೀರಿದ್ದರೆ ಜೀವವೂ ಇದ್ದೀತು ಎಂದು ಪತ್ರಿಕೆಗಳು ಬರೆದವು. ಹಾವೇರಿಯಲ್ಲಿ ಅವಳ ತಂದೆ ಚನ್ನವೀರಪ್ಪ ಆ ಪುಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಎರಡು ವರ್ಷದ ಮೇಲೆ ದೂರದರ್ಶಕದಿಂದ ಬಂದ ಹೊಸ ಅಳತೆಗಳು ಅವಳ ಫಲಿತಾಂಶಕ್ಕೆ ಹೊಂದಲಿಲ್ಲ. ತಿಂಗಳುಗಟ್ಟಲೆ ತಡಕಾಡಿದಾಗ ಗೊತ್ತಾಯಿತು: ನೀರಾವಿ ಗ್ರಹದ್ದಲ್ಲ, ನಕ್ಷತ್ರದ ಮೈಮೇಲಿದ್ದ, ನೀರಾವಿ ಉಳಿಯುವಷ್ಟು ತಣ್ಣಗಿದ್ದ ಕಪ್ಪು ಕಲೆಗಳದ್ದು.

ಆ ಶೋಧದ ಪ್ರಬಂಧವನ್ನು ತನ್ನ ಜೊತೆ ಬರೆದಿದ್ದ ಕೊಟ್ರೇಶನಿಗೆ ಮೊದಲು ಹೇಳಿದಳು. ಖಗೋಳ ಸಂಶೋಧನಾ ಸಂಸ್ಥೆಯಲ್ಲಿ ಇಬ್ಬರದೂ ಗುತ್ತಿಗೆ ಕೆಲಸ. ಖಾಲಿಯಿದ್ದ ಒಂದೇ ಕಾಯಂ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದ್ದರು.

"ಇಂಟರ್‌ವ್ಯೂ ಮುಗಿಯೋ ತನಕ ಬಾಯಿ ಬಿಡಬೇಡಿ ಮೇಡಂ. ಇಬ್ರಿಗೂ ಒಳ್ಳೇದು."

"ತಪ್ಪು ಅಂತ ಗೊತ್ತಾದ್ಮೇಲೆ ಹೇಗೆ ಸುಮ್ನಿರ್ಲಿ?"

"ಹಾಗಾದ್ರೆ ತಪ್ಪಾಗಿತ್ತು ಅಂತ ನಿಮ್ಮೊಬ್ಬರ ಹೆಸರಲ್ಲೇ ಬರೀರಿ. ಲೆಕ್ಕ ಮಾಡಿದ್ದು ನೀವಲ್ವಾ?"

ಹಾಗೇ ಬರೆದು ಪ್ರಕಟಿಸಿದಳು. ಸಂದರ್ಶನದಲ್ಲಿ ಹಿರಿಯರೊಬ್ಬರು ಕೇಳಿದರು: "ನಿಮ್ಮ ದೊಡ್ಡ ಕೆಲಸ ಸುಳ್ಳು ಅಂತ ನೀವೇ ಹೇಳ್ತೀರಿ. ಇನ್ನೇನು ನೋಡಿ ತಗೊಳ್ಳೋದಮ್ಮ?"

ಹುದ್ದೆ ಕೊಟ್ರೇಶನಿಗೆ ಹೋಯಿತು. ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಹಾವೇರಿಯಲ್ಲಿ ಚನ್ನವೀರಪ್ಪ ಗೋಡೆಯ ಮೇಲಿನ ಚೌಕಟ್ಟನ್ನು ಇಳಿಸಿದರು, ಮಗಳಿಗೆ ಹೇಳಲಿಲ್ಲ.

ಈಗ ಅವಳಿಗೆ ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಪುಡಿಗೆ ಬೆಳಕು ಹಾಯಿಸಿ, ಅದರಲ್ಲಿ ಏನು ಬೆರೆತಿದೆ ಎಂದು ನೋಡುವುದು. ಬಾಡಿಗೆಗಿದ್ದುದು ಅಂಜಿನಮ್ಮನ ಮನೆಯ ಮಹಡಿಯಲ್ಲಿ.

"ಮೇಲ್ಗಡೆ ಲೋಕದಾಗೆ ಜನ ಅವ್ರಾ ಅಂತ ಹುಡುಕ್ತಿದ್ರಂತೆ. ಸಿಕ್ಕಿದ್ರಾ?" ಎಂದು ಅಂಜಿನಮ್ಮ ಒಮ್ಮೆ ಕೇಳಿದ್ದಳು.

"ಇಲ್ಲಮ್ಮ."

"ಓಗ್ಲಿ ಬುಡಿ. ಇಲ್ಲಿರೋರೇ ಸಾಕು."

ಕಳೆದ ಜನವರಿಯಲ್ಲಿ ಕೊಟ್ರೇಶ ಫೋನ್ ಮಾಡಿದ. ಅವನ ವಿದ್ಯಾರ್ಥಿನಿಗೆ ಬೇರೊಂದು ಗ್ರಹದಲ್ಲಿ ನೀರಾವಿ ಸಿಕ್ಕಂತಿತ್ತು. "ಒಂದ್ಸಲ ನೋಡಿಕೊಡ್ತೀರಾ ಮೇಡಂ? ನಿಮ್ಮಷ್ಟು ಸೂಕ್ಷ್ಮವಾಗಿ ನೋಡೋರು ಇಲ್ಲಿ ಯಾರೂ ಇಲ್ಲ."

ಆಗಲ್ಲ ಎನ್ನಬೇಕೆಂದಿದ್ದಳು. ಆದರೂ ಭಾನುವಾರ ಬೆಳಿಗ್ಗೆ ಅವನು ಕಳಿಸಿದ ಕಡತ ತೆರೆದಳು. ಊಟ ಮರೆತುಹೋಯಿತು. ಆ ನಕ್ಷತ್ರದ ಕಲೆಗಳ ಪಾಲನ್ನೆಲ್ಲ ಒಂದೊಂದಾಗಿ ಕಳೆದರೂ ಗುರುತು ಅಳಿಯಲಿಲ್ಲ. ಈ ಸಲ ನಿಜವಾಗಿತ್ತು. ಹೇಗೆ ನಿಜವೆಂದು ನಾಲ್ಕು ಪುಟ ಬರೆದು ಅಂದೇ ಕಳಿಸಿದಳು.

ಏಪ್ರಿಲ್‌ನಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಕಾರ್ಖಾನೆಯ ಬಸ್ಸಿನಲ್ಲಿ ಮೊಬೈಲಿನಲ್ಲೇ ಓದಿದಳು. ಅವಳ ನಾಲ್ಕು ಪುಟ ಹೆಚ್ಚುಕಡಿಮೆ ಹಾಗೇ ಇದ್ದವು. ಅವಳ ಹೆಸರು ಮಾತ್ರ ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ. ಗೇಟಿನ ಹತ್ತಿರ ಇಳಿದು, ಬೈಯಲೆಂದೇ ನಿಂತಲ್ಲಿಂದ ಫೋನ್ ಮಾಡಿದಳು.

ಕೊಟ್ರೇಶ ತಡವರಿಸಿದ. "ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಹೆಸರು ಕಂಡ್ರೆ ಹಳೇದೆಲ್ಲ ಎದ್ದೇಳುತ್ತೆ. ಜನ ನಂಬೋದು ಕಷ್ಟ ಆಗ್ತಿತ್ತು."

"ಈಗ ನಂಬಿದ್ರಾ?"

"ಎಲ್ರೂ ನಂಬಿದ್ರು."

ಅವಳು ಫೋನಿಟ್ಟು ಒಳಗೆ ಹೋಗಿ ಬಿಳಿ ಕೋಟು ಹಾಕಿಕೊಂಡಳು. ಎಲ್ಲರೂ ನಂಬಿದರೆಂದು ಕೇಳಿದಾಗ ಒಂದು ಕ್ಷಣ ತನಗೆ ಖುಷಿಯಾಗಿತ್ತಲ್ಲ, ಅದು ಇಡೀ ದಿನ ಅವಳನ್ನು ಕೊರೆಯಿತು.